ಬೂದಿಯೂರಿಗೆ ಹತ್ತಕ್ಕೆ ಹತ್ತು

ತನುಜಾ ಬೆಳವಡಿ ಹನ್ನೊಂದು ವರ್ಷಗಳಿಂದ ಕಂಪ್ಯೂಟರ್ ಆಟಗಳ ವಿಮರ್ಶೆ ಬರೆಯುತ್ತಿದ್ದಳು. ಅಷ್ಟು ವರ್ಷಗಳಲ್ಲಿ ಒಂದೇ ಒಂದು ಆಟಕ್ಕೂ ಹತ್ತಕ್ಕೆ ಹತ್ತು ಕೊಟ್ಟವಳಲ್ಲ. ಏಳೂವರೆ ಕೊಟ್ಟರೆ ಅದೇ ದೊಡ್ಡದು ಎಂದು ಅವಳ ಓದುಗರಿಗೆ ಗೊತ್ತಿತ್ತು. ಹಾಗಾಗಿ ಆ ಸೋಮವಾರ ಅವಳ ಅಂಕಣದಲ್ಲಿ ‘ಬೂದಿಯೂರು’ ಎಂಬ ಹೊಸ ಆಟದ ಹೆಸರಿನ ಪಕ್ಕದಲ್ಲಿ ಹತ್ತಕ್ಕೆ ಹತ್ತು ಎಂದಿದ್ದನ್ನು ನೋಡಿ ಎಷ್ಟೋ ಜನ ಅಚ್ಚಿನ ತಪ್ಪಿರಬೇಕು ಎಂದುಕೊಂಡರು.

ತಪ್ಪಿರಲಿಲ್ಲ. ಅವಳು ಮನಸಾರೆ ಕೊಟ್ಟ ಅಂಕ ಅದು.

ಆಟದ ಕಥೆ ಸರಳವಾಗಿತ್ತು. ಲೋಕ ಮುಗಿದುಹೋಗಿದೆ, ಮನುಷ್ಯರಿಲ್ಲ. ನೆಲದಡಿಯ ಊರೊಂದರಲ್ಲಿ ಎಲ್ಲದರ ಮೇಲೂ ಬೂದಿ ಕೂತಿದೆ. ಅಲ್ಲಿ ಮಿಣುಕ ಎಂಬ ಪುಟ್ಟ ರೋಬಾಟ್ ಒಂದೇ ಓಡಾಡಿಕೊಂಡಿದೆ. ಅದಕ್ಕಿರುವುದು ಒಂದು ಕೈ, ಒಂದು ದೀಪ, ಬಲಗಡೆ ಸ್ವಲ್ಪ ಎಳೆದು ಎಳೆದು ಉರುಳುವ ಪಟ್ಟಿಚಕ್ರ. ಮುರಿದ ಮೆಟ್ಟಿಲು ದಾಟಬೇಕು, ಸೋರುವ ತೊಟ್ಟಿಯ ಕವಾಟ ಮುಚ್ಚಬೇಕು, ಬಿಗಿದುಕೊಂಡ ಬಾಗಿಲು ತೆಗೆಯಬೇಕು. ಒಂದೊಂದೂ ಒಂದು ಒಗಟು.

“ಒಂದೇ ಒಂದು ಕವಾಟ ತಿರುಗಿಸಲು ನನಗೆ ಇಡೀ ಒಂದು ರಾತ್ರಿ ಹಿಡಿಯಿತು,” ಎಂದು ತನುಜಾ ಬರೆದಿದ್ದಳು. “ಬೇರೆ ಆಟಗಳಲ್ಲಿ ಒಗಟನ್ನು ಯಾರೋ ಕೂತು ಹೆಣೆದದ್ದು ಗೊತ್ತಾಗಿಬಿಡುತ್ತದೆ. ಬೀಗ ಇಟ್ಟವರು ಕೀಲಿಯನ್ನೂ ಎಲ್ಲೋ ಪಕ್ಕದಲ್ಲೇ ಬಚ್ಚಿಟ್ಟಿರುತ್ತಾರೆ. ಬೂದಿಯೂರಿನಲ್ಲಿ ಯಾರೂ ನಮಗಾಗಿ ಏನನ್ನೂ ಇಟ್ಟಿಲ್ಲ. ಇಲ್ಲಿ ತುಕ್ಕು ತುಕ್ಕಿನ ಹಾಗೆಯೇ ಹಟ ಮಾಡುತ್ತದೆ.”

ಇನ್ನೊಂದು ವಿಶೇಷವನ್ನೂ ಅವಳು ಹೊಗಳಿದ್ದಳು. ಆಡುವವರೆಲ್ಲರೂ ತಮ್ಮ ತಮ್ಮ ಮನೆಯಲ್ಲಿ ಒಗಟನ್ನು ಹತ್ತಾರು ಬಗೆಯಲ್ಲಿ ಬಿಡಿಸಿ ನೋಡುತ್ತಿದ್ದರು. ಯಾವ ದಾರಿ ಒಳ್ಳೆಯದು ಎಂದು ಅಂತರ್ಜಾಲದ ಆಟಗಾರರ ಕಟ್ಟೆಯಲ್ಲಿ ಚರ್ಚಿಸಿ ಮತ ಹಾಕುತ್ತಿದ್ದರು. ಪ್ರತಿದಿನ ಸಂಜೆ ನಾಲ್ಕಕ್ಕೆ ಹೆಚ್ಚು ಮತ ಬಿದ್ದ ದಾರಿಯಲ್ಲಿ ಮಿಣುಕ ಹೋಗುತ್ತಿತ್ತು. ಅದು ಹೋದಲ್ಲಿ ಕತ್ತಲು ಸರಿದು ಹೊಸ ಜಾಗ ಕಾಣುತ್ತಿತ್ತು. ದಿನಕ್ಕೊಂದು ಅಧ್ಯಾಯ. ಇಷ್ಟು ಬೇಗ, ಇಷ್ಟು ಚೆನ್ನಾಗಿ ಯಾರು ಬರೆಯುತ್ತಾರೆ ಎಂಬುದೇ ಅವಳಿಗೆ ಸೋಜಿಗವಾಗಿತ್ತು.

ಅವಳ ಮನಸ್ಸನ್ನು ಕಲಕಿದ್ದು ಇಪ್ಪತ್ತಮೂರನೇ ಅಧ್ಯಾಯ. ಹೊರಗಿನಿಂದ ಅಗಳಿ ಹಾಕಿದ ಕಬ್ಬಿಣದ ಬಾಗಿಲೊಂದನ್ನು ಮಿಣುಕ ತೆಗೆಯುತ್ತದೆ. ಒಳಗೆ ಗೋಡೆಗೆ ಒರಗಿ ಸಾಲಾಗಿ ಕೂತಿವೆ ಒಂಬತ್ತು ಹಳೆಯ ರೋಬಾಟ್‌ಗಳು. ಒಂದರ ತಲೆ ಇನ್ನೊಂದರ ಭುಜದ ಮೇಲೆ. ದಾರಿಗೆ ಅಡ್ಡಬಿದ್ದ ಒಂದು ಕೈಯನ್ನು ಎತ್ತಿ ಸರಿಸಬೇಕು. ಮಿಣುಕ ಎತ್ತಿದಾಗ ಪರದೆಯ ಮೂಲೆಯ ಭಾರಮಾಪಕದಲ್ಲಿ ಎರಡು ಕಿಲೋ ಕೂಡ ತೋರಿಸುವುದಿಲ್ಲ.

“ಕಬ್ಬಿಣದ ಕೈ, ಭಾರವೇ ಇಲ್ಲ,” ಎಂದು ತನುಜಾ ಬರೆದಳು. “ಒಂದು ಮಾತೂ ಆಡದೆ, ಒಂದು ಸಣ್ಣ ಅಂಕಿಯಿಂದ ಸಾವನ್ನು ಹೇಳಿದ ಈ ಕಥೆಗಾರನಿಗೆ ನನ್ನ ನಮಸ್ಕಾರ. ಬಾಗಿಲಿಗೆ ಹೊರಗಿನಿಂದ ಅಗಳಿ ಹಾಕಿದವರು ಯಾರು? ಈ ಪ್ರಶ್ನೆ ನನ್ನನ್ನು ಮಲಗಗೊಡುತ್ತಿಲ್ಲ.”

ಆ ಕೋಣೆಯ ಚಿತ್ರವನ್ನೂ ಅಂಕಣದ ಜೊತೆ ಹಾಕಿದಳು. ಮೂರೇ ದಿನದಲ್ಲಿ ಆಡುವವರು ನಲವತ್ತು ಸಾವಿರದಿಂದ ನಾಲ್ಕು ಲಕ್ಷವಾದರು.

ಗುರುವಾರ ಬೆಳಿಗ್ಗೆ ಹುಬ್ಬಳ್ಳಿಯ ಮನೆಯಲ್ಲಿ ತನುಜಾ ತನ್ನ ತಾಯಿ ನೀಲವ್ವನ ಜೊತೆ ಮೆಂತ್ಯೆಸೊಪ್ಪು ಬಿಡಿಸುತ್ತಾ ಕೂತಿದ್ದಳು. ನೀಲವ್ವ ಮೂವತ್ತು ವರ್ಷ ಸರಕಾರಿ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದು ನಿವೃತ್ತಳಾದವಳು. ಆಗ ಗೊತ್ತಿಲ್ಲದ ನಂಬರಿನಿಂದ ಫೋನ್ ಬಂತು.

“ಅಕ್ಕಾರ, ಗೇಮಿನ ಬಗ್ಗೆ ಬರದಾವ್ರು ನೀವ ಏನ್ರಿ?” ಹೆಂಗಸಿನ ದನಿ. “ನಾನು ನೇತ್ರಕೊಳ್ಳದಾಕಿ ರೀ, ಹುಲಿಗೆವ್ವ ಅಂತ. ಖಾನಾವಳ್ಯಾಗ ರೊಟ್ಟಿ ಬಡಿತೀನಿ. ಅಲ್ಲಿ ಊಟಕ್ಕ ಬರೋ ಹುಡುಗ್ರು ನಿಮ್ಮ ಫೋಟೋ ನೋಡ್ತಿದ್ರು.”

“ಹೌದ್ರಿ, ನಾನ. ಹೇಳ್ರಿ.”

“ಆ ಫೋಟೋದಾಗ ಕೊನಿಗೆ ಒಬ್ಬ ಕುಂತಾನಲ್ರಿ, ಎಡಗಾಲು ಚಾಚಿ. ಅವನ ಬಾಜೂಕ ಬುತ್ತಿ ಡಬ್ಬಿ ಐತಿ. ಮೂರು ಅಂತಸ್ತಿಂದು. ಅದರ ಹಿಡಿಕಿ ಮುರದಿತ್ತು, ನಾನ ಸೈಕಲ್ ಕಡ್ಡಿ ಬಗ್ಗಿಸಿ ಕಟ್ಟಿದ್ದೆ.” ದನಿ ಫೋನಿಗೆ ಇನ್ನಷ್ಟು ಹತ್ತಿರ ಬಂತು. “ಅಕ್ಕಾರ, ಆ ಬುತ್ತಿ ನಂದೈತ್ರಿ.”

ತನುಜಾಗೆ ಮೊದಲು ಬಂದದ್ದು ಮರುಕ. ಆಟದಲ್ಲಿ ಮುಳುಗಿ ನಿಜ ಯಾವುದು, ಬೊಂಬೆ ಯಾವುದು ತಿಳಿಯದ ಓದುಗರು ಆಗಾಗ ಕರೆ ಮಾಡುವುದಿತ್ತು. “ಅದು ಚಿತ್ರ ಅಷ್ಟ ರೀ ಅಕ್ಕಾ, ಯಾರೋ ಬರದದ್ದು,” ಎಂದು ಸಮಾಧಾನ ಮಾಡಿದಳು. ಹುಲಿಗೆವ್ವ ವಾದ ಮಾಡಲಿಲ್ಲ. ವಿಳಾಸ ಕೇಳಿದಳು. ಮರುದಿನ ಬೆಳಿಗ್ಗೆ ಹತ್ತಕ್ಕೆಲ್ಲ ಬಾಗಿಲಲ್ಲಿ ನಿಂತಿದ್ದಳು.

ನಲವತ್ತರ ಆಸುಪಾಸಿನ ಹೆಂಗಸು. ನೀಲವ್ವ ಕೊಟ್ಟ ಚಹಾವನ್ನು ಕೈಯಲ್ಲೇ ಹಿಡಿದುಕೊಂಡು ಅವಳು ಹೇಳಿದ್ದು ಇಷ್ಟು. ನೇತ್ರಕೊಳ್ಳದಲ್ಲಿ ಹಳೆಯ ಬ್ಯಾಟರಿಗಳನ್ನು ಕರಗಿಸಿ ಲೋಹ ತೆಗೆಯುವ ಕಾರ್ಖಾನೆಯಿತ್ತು. ಅರ್ಧ ನೆಲದ ಮೇಲೆ, ಅರ್ಧ ನೆಲದಡಿಗೆ. ಅವಳ ಗಂಡ ದುರುಗಪ್ಪ ಅಲ್ಲಿ ಗುತ್ತಿಗೆ ಆಳು. ಆರು ವರ್ಷದ ಹಿಂದೆ ಕೆಳಗಿನ ಅಂತಸ್ತಿಗೆ ಬೆಂಕಿ ಬಿತ್ತು, ವಿಷದ ಹೊಗೆ ಎದ್ದಿತು. ಎಲ್ಲರೂ ಹೊರಗೆ ಬಂದಿದ್ದಾರೆ, ಒಂದು ಜೀವವೂ ಹೋಗಿಲ್ಲ ಎಂದು ಕಂಪನಿ ಹೇಳಿತು. ಕೆಳಗಿಳಿಯುವ ದಾರಿಗಳಿಗೆಲ್ಲ ಕಾಂಕ್ರೀಟು ಸುರಿದು ಕಾರ್ಖಾನೆ ಮುಚ್ಚಿದರು.

“ಇಂವ ಮನಿಗೆ ಬರ್ಲೇ ಇಲ್ರಿ. ಕೇಳಾಕ ಹೋದ್ರ, ಅವತ್ತು ಕೆಲಸಕ್ಕ ಬಂದೇ ಇಲ್ಲ, ಹಾಜರಿ ಪುಸ್ತಕದಾಗ ಹೆಸರಿಲ್ಲ ಅಂದ್ರು. ನಾನ ಬುತ್ತಿ ಕಟ್ಟಿ ಕಳಿಸೀನಿ ಅಂದ್ರೂ ಕೇಳ್ಲಿಲ್ಲ. ಆಮ್ಯಾಲ ಯಾರೋ ಸುದ್ದಿ ಎಬ್ಬಿಸಿದ್ರು, ರತ್ನಾಗಿರಿಯಾಗ ಇನ್ನೊಬ್ಬಾಕಿ ಜೊತಿಗೆ ಅದಾನ ಅಂತ. ನಮ್ಮ ಭಾವನೂ ಅದನ್ನ ನಂಬಿದ.” ಅವಳು ಚಹಾದ ಲೋಟ ನೆಲಕ್ಕಿಟ್ಟಳು. “ಆರು ವರ್ಸ ನಾನೂ ಒಂದೊಂದು ದಿನ ನಂಬೀನಿ ರೀ ಅಕ್ಕಾರ. ಸುಳ್ಳು ಯಾಕ ಹೇಳ್ಲಿ.”

ನೀಲವ್ವ ಎದ್ದು ಕನ್ನಡಕ ತಂದಳು. “ತನೂ, ಆ ಫೋಟೋ ದೊಡ್ಡದು ಮಾಡು.”

ಪರದೆಯ ತುಂಬ ಒಂಬತ್ತು ರೋಬಾಟ್‌ಗಳು. ನೀಲವ್ವ ಬಹಳ ಹೊತ್ತು ನೋಡಿದಳು. ಒಂದರ ಕೈ ಎದೆಯ ಮೇಲೆ, ಇನ್ನೊಂದರದು ಬಾಯಿಯ ಮೇಲೆ. ಮೂರನೆಯದು ಮೊಣಕಾಲಿನ ನಡುವೆ ಮುಖ ಹುದುಗಿಸಿತ್ತು.

“ಯಂತ್ರಕ್ಕ ಉಸಿರು ಕಟ್ಟತೈತೇನ?” ಎಂದಳು. ಆಮೇಲೆ ಮಗಳ ಮುಖ ನೋಡದೆ ಕೇಳಿದಳು: “ಆ ಕೈ ಎಷ್ಟು ತೂಕ ಇತ್ತಂತ ಬರದಿದ್ದಿ?”

“ಒಂದೂ ಮುಕ್ಕಾಲು ಕಿಲೋ.”

“ಒಣಗಿದ ಕೈ ಅಷ್ಟ ಇರತೈತಿ.”

ತನುಜಾ ಪರದೆಯ ಹತ್ತಿರ ಬಾಗಿ ಆ ಕೈಯನ್ನು ಮತ್ತೆ ನೋಡಿದಳು. ಆದರೂ ನಂಬಲಾಗಲಿಲ್ಲ. ನಂಬುವುದಕ್ಕೆ ಮನಸ್ಸು ಒಪ್ಪಲಿಲ್ಲ ಎನ್ನುವುದೇ ಸರಿ. ಪರೀಕ್ಷೆಯೊಂದು ಬೇಕು ಅನಿಸಿತು. ಹುಲಿಗೆವ್ವನನ್ನು ಕೇಳಿದಳು: “ನೀವು ಆ ಕಾರ್ಖಾನಿ ಒಳಗ ಯಾವಾಗಾದ್ರೂ ಹೋಗೀರೇನು?”

“ಮದುವಿ ಆದ ಹೊಸದರಾಗ ಒಂದು ವರ್ಸ ಕಸ ಹೊಡದೀನ್ರಿ. ಇದು ಆಳುಗಳು ಬುತ್ತಿ ಉಣ್ಣೋ ಖೋಲಿ.”

“ಈ ಖೋಲಿಯಿಂದ ಹೊರಗ ಬಂದು ಬಲಕ್ಕ ತಿರುಗಿದ್ರ ಏನೈತಿ?”

ಹುಲಿಗೆವ್ವ ಕಣ್ಣು ಮುಚ್ಚಿಕೊಂಡಳು. “ಕೈ ತೊಳಿಯೋ ಜಾಗ. ಐದು ನಳ ಅದಾವು. ನಡುವಿನದು ಇಲ್ಲ, ಕಿತ್ತುಹೋಗಿತ್ತು. ಆ ತೂತಿಗೆ ಅರಿವಿ ತುರುಕಿದ್ರು.”

ಆಟದಲ್ಲಿ ಮಿಣುಕ ಇನ್ನೂ ಬಲಕ್ಕೆ ಹೋಗಿರಲಿಲ್ಲ. ಅಲ್ಲಿ ಬರೀ ಕತ್ತಲಿತ್ತು. ತನುಜಾ ಆಟಗಾರರ ಕಟ್ಟೆಯಲ್ಲಿ ಬರೆದಳು: “ಇವತ್ತು ಬಲಕ್ಕೆ ತಿರುಗೋಣ. ಅಲ್ಲಿ ಐದು ನಲ್ಲಿಗಳಿರಬೇಕು. ಮೂರನೆಯದು ಕಿತ್ತುಹೋಗಿರಬೇಕು. ಹೇಗೆ ಗೊತ್ತು ಎಂದು ಈಗ ಕೇಳಬೇಡಿ.” ಅವಳ ಮಾತಿಗೆ ಬೆಲೆಯಿತ್ತು. ಮಧ್ಯಾಹ್ನದೊಳಗೆ ಲಕ್ಷಾಂತರ ಮತ ಬಿದ್ದವು.

ನಾಲ್ಕು ಗಂಟೆಗೆ ಮಿಣುಕ ಎಳೆದು ಎಳೆದು ಬಲಕ್ಕೆ ತಿರುಗಿತು. ಕತ್ತಲು ನಿಧಾನವಾಗಿ ಸರಿಯಿತು. ಬೂದಿ ಕೂತ ಉದ್ದನೆಯ ತೊಟ್ಟಿ. ಅದರ ಮೇಲೆ ಒಂದು ನಲ್ಲಿ. ಇನ್ನೊಂದು ನಲ್ಲಿ. ಆಮೇಲೆ ಒಂದು ತೂತು, ತೂತಿನಲ್ಲಿ ತುರುಕಿದ ಕಪ್ಪು ಬಟ್ಟೆಯ ಉಂಡೆ. ಆಮೇಲೆ ಮತ್ತೆರಡು ನಲ್ಲಿ.

ಕಟ್ಟೆಯಲ್ಲಿ ಆಟಗಾರರು ಚಪ್ಪಾಳೆ ತಟ್ಟಿದರು. ಎಂಥ ಅದ್ಭುತ ಊಹೆ, ತನುಜಾ ಮೇಡಂಗೆ ಆಟ ಮಾಡಿದವರೇ ಗುಟ್ಟು ಹೇಳಿರಬೇಕು ಎಂದರು. ಇಲ್ಲಿ ಮನೆಯಲ್ಲಿ ತನುಜಾ ತನ್ನ ಅಂಕಣವನ್ನು ತೆರೆದು ಮತ್ತೆ ಓದಿಕೊಂಡಳು. ಸತ್ತವನೊಬ್ಬನ ಕೈಯನ್ನು ಎತ್ತಿಸಿ, ಅದರ ತೂಕವನ್ನು ಅವಳು ಸೊಗಸಾದ ವಾಕ್ಯಗಳಲ್ಲಿ ಹೊಗಳಿದ್ದಳು.

ಐದು ಗಂಟೆಗೆ ಫೋನ್ ಬಂತು. ಗಂಡಸಿನ ದನಿ, ಕರಾವಳಿಯ ಮಾತು.

“ಮೇಡಂ, ನಾನು ಸೆಲ್ವಿನ್ ಮಸ್ಕರೇನ್ಹಸ್. ಬೂದಿಯೂರಿನ ನಿಯಂತ್ರಣ ಕೊಠಡಿ ನೋಡಿಕೊಳ್ಳುವುದು ನಾನು. ಅಲ್ಲಿ ನಲ್ಲಿ ಉಂಟು ಅಂತ ನಿಮಗೆ ಹೇಗೆ ಗೊತ್ತಾಯ್ತು? ನನ್ನ ಹತ್ರ ಇರುವ ನಕ್ಷೆಯಲ್ಲೇ ಅದು ಇಲ್ಲ.”

“ನಕ್ಷೆ ಅಂದ್ರ?” ತನುಜಾ ಕೇಳಿದಳು. “ಆಟಕ್ಕ ಯಾಕ ನಕ್ಷೆ ಬೇಕ್ರಿ? ನೀವ ಬರದದ್ದಲ್ಲ?”

ಆ ಕಡೆ ಕುರ್ಚಿ ಸರಿದ ಸದ್ದಾಯಿತು. ತನುಜಾ ಬಿಡಲಿಲ್ಲ.

“ಮಿಣುಕ ಖರೇನ ಐತಿ. ಹೌದಿಲ್ಲೋ?”

“ಹೌದು ಮೇಡಂ,” ಎಂದ ಆತ ಕೊನೆಗೆ. “ಮಿಣುಕ ನಿಜ. ಆದ್ರೆ ಅದರಲ್ಲಿ ತಪ್ಪೇನುಂಟು? ನಾವು ಒಳ್ಳೇ ಕೆಲಸವೇ ಮಾಡ್ತಿರೋದು.”

“ಅಲ್ಲಿ ಕುಂತಾವ್ರಲ್ಲಿ ಒಬ್ಬಾತನ ಹೆಂಡ್ತಿ ನನ್ನ ಮುಂದ ಕುಂತಾಳ.”

“ಯಾರ ಹೆಂಡ್ತಿ? ಎಲ್ಲಿ ಕೂತವರು?” ಸೆಲ್ವಿನ್‌ನ ಗೊಂದಲ ನಟನೆಯಂತಿರಲಿಲ್ಲ. “ಮೇಡಂ, ಆ ಕೋಣೆಯಲ್ಲಿ ಇರುವುದು ಹಳೇ ಯಂತ್ರಗಳಲ್ವಾ?”

ಮರುದಿನ ತನುಜಾ, ಹುಲಿಗೆವ್ವ ಇಬ್ಬರೂ ನೇತ್ರಕೊಳ್ಳಕ್ಕೆ ಹೋದರು. ಮುಚ್ಚಿದ ಕಾರ್ಖಾನೆಯಿಂದ ನಾಲ್ಕು ಕಿಲೋಮೀಟರ್ ಆಚೆ ಒಂದು ಗೋದಾಮು. ಅದರೊಳಗೆ ಸಾಲು ಪರದೆಗಳು, ಆರು ಜನ. ಸೆಲ್ವಿನ್ ಬಾಗಿಲಲ್ಲೇ ಕಾಯುತ್ತಿದ್ದ. ಮೂವತ್ತೈದರ ತೆಳ್ಳನೆಯ ಮನುಷ್ಯ. ಅವನೂ ನಿದ್ದೆ ಮಾಡಿದಂತೆ ಕಾಣಲಿಲ್ಲ.

ಅವನು ಬಿಡಿಸಿ ಹೇಳಿದ. ಕೆಳಗಿನ ಅಂತಸ್ತಿನಲ್ಲಿ ಆಮ್ಲದ ಹದಿನಾಲ್ಕು ತೊಟ್ಟಿಗಳು ಉಳಿದಿವೆ. ಅವು ತುಕ್ಕು ಹಿಡಿದು ಒಡೆದರೆ ಕಾಲುವೆಯ ನೀರು ಹಾಳಾಗುತ್ತದೆ. ಮನುಷ್ಯರು ಒಳಗೆ ಹೋಗುವ ಹಾಗಿಲ್ಲ, ಹಾಗಾಗಿ ತೊಟ್ಟಿ ಖಾಲಿ ಮಾಡುವ ಗುತ್ತಿಗೆ ಹಿಡಿದ ಸೆಲ್ವಿನ್‌ನ ತಂಡ ಕಾಂಕ್ರೀಟು ಕೊರೆದು ರೋಬಾಟ್ ಇಳಿಸಿತು. ಒಳಗೆ ಕುಸಿದಿರುವ ರೀತಿ ಎಷ್ಟು ಜಟಿಲವಾಗಿತ್ತೆಂದರೆ, ಆರು ಜನ ಎಂಜಿನಿಯರುಗಳಿಗೆ ತಿಂಗಳಿಗೆ ಹತ್ತು ಮೀಟರ್ ದಾರಿಯನ್ನೂ ಬಿಡಿಸಲಾಗಲಿಲ್ಲ. ಆಗ ಕಾರ್ಖಾನೆಯ ಮಾಲೀಕ ಕಂಪನಿಯೇ ಈ ಉಪಾಯ ಕೊಟ್ಟಿತು. ಮಿಣುಕ ಕಂಡದ್ದನ್ನೆಲ್ಲ ಅಳತೆ ಸಮೇತ ಕಂಪ್ಯೂಟರಿನಲ್ಲಿ ನಕಲು ಮಾಡುವುದು, ಅದನ್ನು ಆಟವೆಂದು ಜನರ ಕೈಗೆ ಕೊಡುವುದು. ಲಕ್ಷಾಂತರ ತಲೆಗಳು ಬಿಡಿಸಿದ ಒಗಟಿನಲ್ಲಿ ಒಳ್ಳೆಯ ಉತ್ತರವನ್ನು ಆರಿಸಿ ನಿಜದ ಮಿಣುಕನಿಂದ ಮಾಡಿಸುವುದು.

“ಅದಕ್ಕೇ ನೋಡಿ ಒಗಟು ಅಷ್ಟು ಚೆನ್ನಾಗಿ ಇದ್ದದ್ದು,” ಎಂದು ಹೇಳಿ ಸೆಲ್ವಿನ್ ತಾನೇ ನಾಚಿಕೊಂಡ. “ಕಾರ್ಖಾನೆ ಅಂತ ಗುರುತು ಸಿಗಬಾರದು, ಜನ ಹೆದರ್ತಾರೆ ಅಂತ ಚಿತ್ರದ ಮೇಲೆ ಒಂದು ಬಣ್ಣದ ಪದರ ಹಾಕ್ತೇವೆ. ಗೋಡೆ ಹಳತಾಗಿ ಕಾಣುತ್ತೆ, ಬರಹ ಎಲ್ಲ ಬೇರೆ ಲಿಪಿಯಾಗುತ್ತೆ. ಆ ಪದರವನ್ನು ತಯಾರು ಮಾಡಿ ಕೊಟ್ಟದ್ದೂ ಕಂಪನಿಯವರೇ. ನಾವೂ ಅದರ ಮೂಲಕವೇ ನೋಡುವುದು. ತೆಗೆದ್ರೆ ಚಿತ್ರ ತಡವಾಗ್ತದೆ, ತೆಗೀಬೇಡಿ ಅಂದಿದ್ರು.”

“ಈಗ ತಗೀರಿ,” ಎಂದಳು ತನುಜಾ.

ಸೆಲ್ವಿನ್ ಕೂತ. ಪದರದ ನಿಯಮಗಳ ಪಟ್ಟಿಯನ್ನು ಅವನು ಅದುವರೆಗೆ ತೆರೆದು ನೋಡಿರಲಿಲ್ಲ. ಈಗ ಒಂದೊಂದೇ ಸಾಲು ಓದುತ್ತಾ ಹೋದ. ಗೋಡೆಯನ್ನು ಹೇಗೆ ಬದಲಿಸಬೇಕು, ಫಲಕಗಳನ್ನು ಹೇಗೆ ಬದಲಿಸಬೇಕು. ಹದಿನೇಳನೇ ಸಾಲಿಗೆ ಬಂದಾಗ ಅವನ ಬೆರಳು ಅಲ್ಲೇ ನಿಂತುಬಿಟ್ಟಿತು.

“ಮನುಷ್ಯನ ಆಕಾರ ಕಂಡರೆ ಹಳೆಯ ರೋಬಾಟ್ ಆಗಿ ತೋರಿಸು,” ಎಂದು ಗಟ್ಟಿಯಾಗಿ ಓದಿದ. ತಿರುಗಿ ತನ್ನ ಜೊತೆಯವರನ್ನು ನೋಡಿದ. “ಒಳಗೆ ಯಾರೂ ಇಲ್ಲ ಅಂತ ಹೇಳಿದ್ದಲ್ವಾ ಇವರು? ಮತ್ತೆ ಈ ನಿಯಮ ಯಾಕೆ ಬೇಕಾಯ್ತು ಮಾರಾಯ್ರೆ?”

ಉತ್ತರ ಆ ಸಾಲಿನಲ್ಲೇ ಇತ್ತು. ಅದನ್ನು ಬರೆಸಿದವರಿಗೆ ಮಿಣುಕ ಇಳಿಯುವ ಮೊದಲೇ ಗೊತ್ತಿತ್ತು.

ಸೆಲ್ವಿನ್ ಹುಲಿಗೆವ್ವನ ಕಡೆ ನೋಡಿ, “ಅಕ್ಕ, ನೀವು ಸ್ವಲ್ಪ ಹೊರಗೆ ಕೂತ್ಕೊಳ್ಳಿ. ನಾವು ನೋಡಿ ಹೇಳ್ತೇವೆ,” ಎಂದ.

“ನೋಡಾಕಂತಲೇ ಬಂದೀನ್ರಿ,” ಎಂದಳು ಅವಳು.

ಮಿಣುಕ ಅಂದು ಸೆರೆಹಿಡಿದಿದ್ದ ಆ ಕೋಣೆಯ ಚಿತ್ರವನ್ನು ತೆರೆದು ಅವನು ಪದರ ತೆಗೆದ. ಚಿತ್ರ ಒಂದು ಕ್ಷಣ ಕಪ್ಪಾಯಿತು. ಮತ್ತೆ ಬಂದಾಗ ಬೂದಿಯೂರು ಇರಲಿಲ್ಲ. ಹಸಿರು ಬಣ್ಣ ಬಳಿದ ಸಾಮಾನ್ಯ ಗೋಡೆ, ಅದರ ಮೇಲೆ ಕನ್ನಡದಲ್ಲಿ ‘ಸುರಕ್ಷತೆಯೇ ಮೊದಲು’ ಎಂಬ ಫಲಕ, ಅದರ ಕೆಳಗೆ ಒಂಬತ್ತು ಮಂದಿ. ಹುಳುಹುಪ್ಪಟೆಯೂ ಬದುಕಲಾರದ ಆ ಒಣ ವಿಷಗಾಳಿಯಲ್ಲಿ ಅವರು ಕೊಳೆತಿರಲಿಲ್ಲ, ಬತ್ತಿಹೋಗಿದ್ದರು. ನೀಲಿ ಅಂಗಿಗಳು ಇನ್ನೂ ನೀಲಿಯಾಗಿಯೇ ಇದ್ದವು.

ನಿಯಂತ್ರಣ ಕೊಠಡಿಯಲ್ಲಿದ್ದ ಹುಡುಗಿಯೊಬ್ಬಳು ಚೀರಿದಳು. ಸೆಲ್ವಿನ್ ಎದ್ದು ನಿಂತುಬಿಟ್ಟಿದ್ದ. ತನುಜಾ ಹುಲಿಗೆವ್ವನ ಪಕ್ಕಕ್ಕೆ ಬಂದಳು. ಹುಲಿಗೆವ್ವ ಮಾತ್ರ ಅಳಲಿಲ್ಲ. ಪರದೆಯ ಹತ್ತಿರ ಹೋಗಿ ಕೊನೆಯಲ್ಲಿ ಎಡಗಾಲು ಚಾಚಿ ಕೂತವನನ್ನು ನೋಡಿದಳು.

“ಬಾಗಲಾ ತಗಿಯಾಕ ಬರ್ತಿರ್ಲಿಲ್ಲೇನ್ರಿ ಅವರಿಗೆ?” ಎಂದು ಕೇಳಿದಳು.

ಬಾಗಿಲು ತೆಗೆಯುವ ಒಗಟನ್ನು ಬಿಡಿಸಿದವರಲ್ಲಿ ತನುಜಾ ಮೊದಲನೆಯವಳು. ಹೊರಗಿನ ಅಗಳಿಯನ್ನು ಯಾವ ಕೋನದಲ್ಲಿ ಎತ್ತಬೇಕು ಎಂದು ಕಂಡುಹಿಡಿದವಳು ಅವಳೇ. ಹೊಗೆ ಮೇಲಿನ ಅಂತಸ್ತಿಗೆ ಬರದಿರಲಿ ಎಂದು, ಒಳಗೆ ಜನ ಇದ್ದಾರೆಂದು ಗೊತ್ತಿದ್ದೂ ಯಾರೋ ಆ ಬಾಗಿಲು ಮುಚ್ಚಿ ಅಗಳಿ ಎಳೆದಿದ್ದರು.

“ಇಲ್ರಿ ಅಕ್ಕಾ,” ಎಂದಳು. “ಹೊರಗಿಂದ ಹಾಕಿದ್ರು.”

ಹುಲಿಗೆವ್ವ ಆಗ ಅತ್ತಳು.

ಆ ದಿನವೇ ತನುಜಾ ಪದರವಿದ್ದ, ಪದರ ತೆಗೆದ ಎರಡೂ ಚಿತ್ರಗಳನ್ನು, ಹದಿನೇಳನೇ ಸಾಲನ್ನು, ತನ್ನ ಹೊಗಳಿಕೆಯ ಮಾತುಗಳನ್ನು ಒಟ್ಟಿಗೆ ಪ್ರಕಟಿಸಿದಳು. ತನ್ನ ಮಾತುಗಳಲ್ಲಿ ಒಂದಕ್ಷರವನ್ನೂ ಅಳಿಸಲಿಲ್ಲ. ನಾಲ್ಕು ಲಕ್ಷ ಮನೆಗಳಲ್ಲಿ ಜನ ತಮ್ಮ ಕೈಗಳನ್ನು ತಾವೇ ನೋಡಿಕೊಂಡರು. ಒಬ್ಬ ಶಾಲಾ ಮಾಸ್ತರರು ಬರೆದರು: “ನನ್ನ ಮಕ್ಕಳ ಜೊತೆ ಕೂತು ಆಡಿದೆ. ಈಗ ಅವರಿಗೆ ಏನು ಹೇಳಲಿ?” ಇನ್ನು ಕೆಲವರು ತನುಜಾಳನ್ನೇ ಬೈದರು. ಆ ಬೈಗುಳ ಅನ್ಯಾಯವೆಂದು ಅವಳಿಗೆ ಅನಿಸಲಿಲ್ಲ.

ಪೊಲೀಸರು ಬಂದರು, ವಿಚಾರಣೆ ಶುರುವಾಯಿತು, ಕಂಪನಿಯ ಇಬ್ಬರು ದೊಡ್ಡವರನ್ನು ಹಿಡಿದರು. ಆದರೆ ಒಂಬತ್ತು ಮಂದಿಯನ್ನು ಹೊರಗೆ ತರುವುದು ಹೇಗೆಂದು ಯಾರಿಗೂ ತಿಳಿಯಲಿಲ್ಲ. ಒಳಗೆ ಹೋಗಬಲ್ಲದ್ದು ಮಿಣುಕ ಒಂದೇ. ಅದಕ್ಕಿದ್ದದ್ದು ಒಂದೇ ಕೈ, ಕುಂಟುವ ಚಕ್ರ. ಅರವತ್ತೆರಡು ಮೆಟ್ಟಿಲು ಹತ್ತಬೇಕು. ಎಂಜಿನಿಯರುಗಳು ಆಗುವುದಿಲ್ಲವೆಂದರು.

ಸೆಲ್ವಿನ್ ತನುಜಾಳಿಗೆ ಫೋನ್ ಮಾಡಿದ. “ಮೇಡಂ, ಆಟಗಾರರನ್ನು ಕೇಳಿದ್ರೆ ಹೇಗೆ?”

“ಅದು ಹುಲಿಗೆವ್ವನ್ನ ಕೇಳೋ ಮಾತು,” ಎಂದಳು ತನುಜಾ.

ಸುದ್ದಿ ತಿಳಿದು ತಮ್ಮವರನ್ನು ಹುಡುಕಿಕೊಂಡು ಬಂದಿದ್ದ ಉಳಿದ ಮನೆಗಳವರನ್ನೂ ಹುಲಿಗೆವ್ವ ಕೇಳಿಕೊಂಡು ಬಂದಳು. “ಮಾಡ್ರಿ,” ಎಂದಳು. “ಆದ್ರ ಬಣ್ಣ ಹಚ್ಚಬ್ಯಾಡ್ರಿ. ಮನಷ್ಯಾರು ಅಂತ ಗೊತ್ತಿದ್ದು ಎತ್ತಲಿ.”

ಪದರ ತೆಗೆದು ಆಟವನ್ನು ಮತ್ತೆ ತೆರೆದರು. ಅಂಕಗಳಿಲ್ಲ, ಅಧ್ಯಾಯಗಳಿಲ್ಲ. ನೋಡಲಾಗದವರು ಬಿಟ್ಟುಹೋದರು. ಆದರೂ ಒಂದು ಲಕ್ಷದ ಮೇಲೆ ಜನ ಉಳಿದರು. ದಪ್ಪ ಬಟ್ಟೆಯನ್ನು ಮೇಲಿನಿಂದ ಇಳಿಸಿ ಮೆಟ್ಟಿಲ ಮೇಲೆ ಜಾರುಹಾದಿಯಾಗಿ ಹಾಸುವ ಉಪಾಯವನ್ನು ಗದಗಿನ ನೇಕಾರರೊಬ್ಬರು ಹೇಳಿದರು. ಚಕ್ರ ಎಳೆಯುವ ಕಡೆಗೆ ಭಾರ ಹೊಂದಿಸುವ ಲೆಕ್ಕವನ್ನು ಉಡುಪಿಯ ಲಾರಿ ಮೆಕ್ಯಾನಿಕ್ ಒಬ್ಬ ಹಾಕಿಕೊಟ್ಟ. ಎಲುಬು ಮುರಿಯದಂತೆ ಎಲ್ಲಿ ಹಿಡಿದು ಎತ್ತಬೇಕೆಂದು ನೀಲವ್ವ ದಿನವೂ ಮಗಳ ಪಕ್ಕ ಕೂತು ಬರೆಸಿದಳು. ಕಟ್ಟೆಯಲ್ಲಿ ಯಾರೂ ಚಪ್ಪಾಳೆ ತಟ್ಟಲಿಲ್ಲ. ಒಬ್ಬೊಬ್ಬರನ್ನು ಮೇಲೆ ತರುವಾಗಲೂ ಒಂದು ಲಕ್ಷ ಜನ ಸುಮ್ಮನೆ ನೋಡುತ್ತಿದ್ದರು. ಇಪ್ಪತ್ತಾರು ದಿನ ಹಿಡಿಯಿತು.

ಕೊನೆಯ ದಿನ ಬೆಳಿಗ್ಗೆ ಕಾರ್ಖಾನೆಯ ಗೇಟಿನ ಮುಂದೆ ಶಾಮಿಯಾನ ಹಾಕಿ ಒಂಬತ್ತು ಪೆಟ್ಟಿಗೆಗಳನ್ನು ಇಟ್ಟಿದ್ದರು. ದುರುಗಪ್ಪನ ಅಣ್ಣ ಬಂದು ಹುಲಿಗೆವ್ವನ ಮುಂದೆ ತಲೆತಗ್ಗಿಸಿ ನಿಂತ. ಅವಳು ಅವನನ್ನು ಏನೂ ಅನ್ನಲಿಲ್ಲ, ಪೆಟ್ಟಿಗೆಯ ಒಂದು ಕಡೆ ಹಿಡಿ ಎಂದು ಕೈ ತೋರಿಸಿದಳು.

ಅಧಿಕಾರಿಯೊಬ್ಬರು ಹೆಸರು ಕೂಗುತ್ತಾ ಒಂದೊಂದೇ ಮನೆಯವರಿಗೆ ಒಪ್ಪಿಸಿದರು. ಎಂಟು ಹೆಸರು ಮುಗಿದವು. ಒಂಬತ್ತನೆಯದಕ್ಕೆ ಅವರು ಕಾಗದ ಮಡಚಿದರು.

“ಇದು ಯಾರದು ಸಾಹೇಬ್ರ?” ಹುಲಿಗೆವ್ವ ಕೇಳಿದಳು.

“ಗೊತ್ತಾಗಿಲ್ಲಮ್ಮ. ಹೊರರಾಜ್ಯದವನಿರಬೇಕು. ಜೇಬಿನಲ್ಲಿ ಏನೂ ಇರಲಿಲ್ಲ, ಕೇಳಿಕೊಂಡು ಯಾರೂ ಬಂದಿಲ್ಲ. ಇಲಾಖೆಯಿಂದಲೇ ಮಣ್ಣು ಮಾಡುತ್ತೇವೆ.”

“ಎಲ್ಲಿ ಕುಂತಿದ್ದಂವ ರೀ ಇಂವ?”

ಅಧಿಕಾರಿಗೆ ತಿಳಿಯಲಿಲ್ಲ. ಪಕ್ಕದಲ್ಲಿದ್ದ ಸೆಲ್ವಿನ್‌ಗೆ ಗೊತ್ತಿತ್ತು. ಆ ಕೋಣೆಯ ಒಂದೊಂದು ಅಂಗುಲವೂ ಅವನಿಗೆ ಬಾಯಿಪಾಠವಾಗಿತ್ತು. “ನಿಮ್ಮ ಗಂಡನ ಪಕ್ಕದಲ್ಲಿ ಅಕ್ಕ. ಅವನ ತಲೆ ಇವರ ಭುಜದ ಮೇಲೆ ಇತ್ತು,” ಎಂದ.

ಹುಲಿಗೆವ್ವ ಆ ಪೆಟ್ಟಿಗೆಯ ಹತ್ತಿರ ಹೋಗಿ ಅದರ ಮೇಲೆ ಕೂತ ಧೂಳನ್ನು ಸೆರಗಿನಿಂದ ಒರೆಸಿದಳು.

“ಇವನ್ನೂ ನನಗ ಕೊಡ್ರಿ,” ಎಂದಳು. “ಆರು ವರ್ಸ ಜೊತಿಗೆ ಕುಂತಾರ. ಈಗ ಯಾಕ ಬ್ಯಾರೆ ಮಾಡೂದು.”

ಅಧಿಕಾರಿ ಕಾಗದ ಬಿಚ್ಚಿ ಪೆನ್ನು ತೆಗೆದರು. ಸಂಬಂಧ ಎಂಬ ಜಾಗದಲ್ಲಿ ಏನು ಬರೆಯಲಿ ಎಂದು ಕೇಳಿದರು.

“ಮೈದುನ ಅಂತ ಬರಕೊಳ್ರಿ.”

ಅವರು ಬರೆದುಕೊಂಡರು. ತನುಜಾ ಮುಂದೆ ಹೋಗಿ ಪೆಟ್ಟಿಗೆಯ ಒಂದು ಬದಿಗೆ ಕೈ ಕೊಟ್ಟಳು, ಇನ್ನೊಂದು ಬದಿಗೆ ಸೆಲ್ವಿನ್.